ಕಾಶೀರಾಮ ಮಾಸ್ತರರ ಫ್ಯಾನಿನ ಸದ್ದು

ಔರಾದ ತಾಲೂಕಿನ ಡಾಬಕಾ ಊರಿನ ಸರಕಾರಿ ಶಾಲೆಯಲ್ಲಿ ಕಾಶೀರಾಮ ಮಾಸ್ತರರು ನಾಲ್ಕನೆಯ ಇಯತ್ತೆಗೆ ಪಾಠ ಹೇಳುತ್ತಿದ್ದರು. ನಿಂತಲ್ಲೇ ಕಳೆದುಹೋಗುವುದು ಅವರ ಸ್ವಭಾವ. ಗುಣಾಕಾರ ಹೇಳಿಕೊಡುತ್ತಿರುವಾಗ ಕಿಟಕಿಯಾಚೆ ಗಿಡುಗವೊಂದು ರೆಕ್ಕೆ ಬಡಿಯದೆ ತೇಲುವುದು ಕಂಡರೆ ಸಾಕು, ಸೀಮೆಸುಣ್ಣ ಹಿಡಿದ ಕೈ ಹಲಗೆಯ ಮೇಲೆಯೇ ನಿಂತುಬಿಡುತ್ತಿತ್ತು. ಮಕ್ಕಳು ನಗುತ್ತಿರಲಿಲ್ಲ, ಸುಮ್ಮನೆ ಕಾಯುತ್ತಿದ್ದರು. ಮಾಸ್ತರರು ಹಾಗೆ ಹೋದ ಕಡೆಯಿಂದ ಬರಿಗೈಲಿ ಬರುವವರಲ್ಲ, ಒಂದು ಕಥೆ ತಂದೇ ತರುತ್ತಾರೆಂದು ಅವರಿಗೆ ಗೊತ್ತಿತ್ತು.

ಮಾಸ್ತರರು ಮೂಲತಃ ಭಾಲ್ಕಿಯ ಬೌದ್ಧ ಮನೆತನದವರು. ತಂದೆ ಅಲ್ಲಿಯದೇ ಒಂದು ಕಚೇರಿಯಲ್ಲಿ ಜವಾನರಾಗಿದ್ದರು. ತಾಯಿ ಭಾಗೀರಥಿಬಾಯಿಗೆ ಓದು ಬರುತ್ತಿರಲಿಲ್ಲ, ಆದರೆ ಪೇಪರಿನ ಹುಚ್ಚು ವಿಪರೀತ. ಕಚೇರಿಯಿಂದ ಬರುತ್ತಿದ್ದ ಹಳೆಯ ಪೇಪರುಗಳನ್ನು ಮಗನಿಂದ ಗಟ್ಟಿಯಾಗಿ ಓದಿಸಿಕೊಳ್ಳುತ್ತಿದ್ದಳು. ಅವನು ಗಡಿಬಿಡಿ ಮಾಡಿದರೆ, "ಸಾವಕಾಶ ಓದೋ, ಸುದ್ದಿ ಎಲ್ಲೂ ಓಡಿ ಹೋಗೂದಿಲ್ಲ," ಎಂದು ಗದರುತ್ತಿದ್ದಳು. ಜೋಳ ಹಸನು ಮಾಡುವ ತಾಯಿಯ ಕೈಗೆ ಸರಿಯಾಗಿ ಓದಿ ಓದಿ, ಮಾಸ್ತರರ ದನಿಗೆ ಒಂದು ನಿಧಾನ ಬಂದಿತ್ತು. ಆ ದನಿ ಕೇಳಿದರೆ ದೊಡ್ಡವರಿಗೂ ಗೋಡೆಗೆ ಒರಗಿ ಕೂರಬೇಕೆನಿಸುತ್ತಿತ್ತು.

ಹೆಂಡತಿ ಕಾಂತಾಬಾಯಿ ಔರಾದಿನ ದವಾಖಾನೆಯಲ್ಲಿ ನರ್ಸು. ಇಬ್ಬರೂ ಔರಾದಿನಲ್ಲೇ ಬಾಡಿಗೆ ಮನೆ ಮಾಡಿಕೊಂಡಿದ್ದರು. ಮಾಸ್ತರರು ದಿನಾ ಡಾಬಕಾಕ್ಕೆ ಹೋಗಿ ಬರುತ್ತಿದ್ದರು.

ಎರಡು ವರ್ಷ ಮಳೆ ಕೈಕೊಟ್ಟಿತು. ಎರಡನೆಯ ವರ್ಷದ ದೀಪಾವಳಿ ಮುಗಿಯುತ್ತಲೇ ಡಾಬಕಾದ ಓಣಿಗಳು ಒಂದೊಂದಾಗಿ ಸುಮ್ಮನಾದವು. ಕೆಲವರು ಕಬ್ಬು ಕಡಿಯಲು ಹೋದರು, ಕೆಲವರು ಹೈದರಾಬಾದಿನ ಕಟ್ಟಡದ ಕೆಲಸಕ್ಕೆ, ಇನ್ನು ಕೆಲವರು ಪುಣೆಯ ಆಚೆಗಿನ ಇಟ್ಟಿಗೆ ಭಟ್ಟಿಗಳಿಗೆ. ಒಲೆಯ ಕಲ್ಲುಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಗಂಟು ಕಟ್ಟಿಕೊಂಡು, ಮಕ್ಕಳನ್ನು ಗಂಟಿನ ಮೇಲೆ ಕೂರಿಸಿಕೊಂಡು ಹೋದರು. ಮಾಸ್ತರರ ತರಗತಿಯಲ್ಲಿ ಬೆಂಚುಗಳು ಹಲ್ಲುದುರಿದ ಬಾಯಿಯಂತಾದವು.

"ಹುಡುಗ್ರಿಗೆ ಪುಸ್ತಕ ಕೊಟ್ಟು ಕಳಿಸೇನಿ. ಆದ್ರ ಅಲ್ಲಿ ಓದಿಸೋರು ಯಾರು?" ಎಂದು ಅವರು ಒಂದು ದಿನ ಊಟಕ್ಕೆ ಕೂತಾಗ ಅಂದರು.

ಕಾಂತಾಬಾಯಿ ರೊಟ್ಟಿ ಮುರಿಯುತ್ತ, "ಓದಿಸೋರು ಬ್ಯಾಡ್ರಿ, ಕೇಳಿಸೋರು ಬೇಕು," ಎಂದಳು. "ಎಲ್ಲಾರ ಹತ್ರನೂ ಚಿಪ್ ಹಾಕೋ ಫೋನ್ ಅದಾವು. ಹಾಡು ತುಂಬಸ್ಕೊಂಡು ಹೋಗ್ಯಾರ. ನೀವು ಕತಿ ತುಂಬಿ ಕಳಸ್ರಿ."

ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪೊಂದು ಮಾಸ್ತರರ ಬಳಿ ಇತ್ತು. ಬೀದರದ ನೌಬಾದದಲ್ಲಿ ಅಬ್ದುಲ ಮಜೀದ ಎಂಬವರ ರಿಪೇರಿ ಅಂಗಡಿಯಲ್ಲಿ ಕೊಂಡದ್ದು. ಅದರ ಮೈಯಲ್ಲೇ ಸಾಸಿವೆಯಷ್ಟು ಒಂದು ಮೈಕು ಇತ್ತು. ಶಾಲೆ ಬಿಟ್ಟ ಮೇಲೆ, ಮಧ್ಯಾಹ್ನದ ಬಿಸಿಲಲ್ಲಿ ಊರು ಕಣ್ಣು ಮುಚ್ಚಿಕೊಂಡಿರುವಾಗ, ಅವರು ತಗಡಿನ ಪತ್ರಾಸು ಹೊದಿಸಿದ ತರಗತಿಯ ಕೋಣೆಯಲ್ಲಿ ಒಬ್ಬರೇ ಕೂತು, ಖಾಲಿ ಬೆಂಚುಗಳಿಗೆ ಕಥೆ ಹೇಳತೊಡಗಿದರು. ಮಗ್ಗಿಯನ್ನು ಕಥೆಯಲ್ಲಿ ಸೇರಿಸಿದರು, ನದಿಗಳ ಹೆಸರನ್ನು ಕಥೆಯಲ್ಲಿ ಸೇರಿಸಿದರು. ಹೀಗೆ ತುಂಬಿದ ಮೆಮರಿ ಚಿಪ್ಪುಗಳನ್ನು ಉದಗೀರಿನಿಂದ ಪುಣೆಗೆ ಲಾರಿ ಓಡಿಸುತ್ತಿದ್ದ ಉಸ್ಮಾನ ಮಿಯಾ ಅಂಗಿಯ ಜೇಬಿನಲ್ಲಿ ಹಾಕಿಕೊಂಡು ಹೋಗಿ ಭಟ್ಟಿಗಳಿಗೆ ಮುಟ್ಟಿಸುತ್ತಿದ್ದ. ಬರುವಾಗ ಖಾಲಿ ಚಿಪ್ಪುಗಳನ್ನೂ, ಮಕ್ಕಳು ಹೇಳಿ ಕಳಿಸಿದ ಮಾತುಗಳನ್ನೂ ತರುತ್ತಿದ್ದ.

"ಗುರುಗೋಳ, ಆ ಕತ್ತಿ ಕತಿಯೊಳಗ ಕತ್ತಿಗೆ ಹೆಸರ ಇಟ್ಟಿಲ್ಲಂತ್ರಿ. ಹೆಸರ ಇಡ್ರಿ ಅಂದಾವ್ರಿ," ಎಂದು ಒಮ್ಮೆ ಹೇಳಿ, ಮಾಸ್ತರರು ಕತ್ತೆಗೆ ಹೆಸರು ಇಡುವತನಕ ಮಿಯಾ ಲಾರಿ ಹತ್ತಲಿಲ್ಲ.

ಆ ವರ್ಷ ಧೂಳು ಎಂದರೆ ಅಂಥಿಂಥ ಧೂಳಲ್ಲ. ಬಿತ್ತದ ಹೊಲಗಳಿಂದ ಎದ್ದ ಮಣ್ಣು ಬೆಳಗಿನಿಂದ ಸಂಜೆಯತನಕ ಗಾಳಿಯಲ್ಲಿ ನಿಂತಿರುತ್ತಿತ್ತು. ದೂರದ ಮರಗಳು ನೀರಿನಲ್ಲಿ ಮುಳುಗಿದ ಮರಗಳಂತೆ ಕಾಣುತ್ತಿದ್ದವು. ಮಾರ್ಚ್ ಹೊತ್ತಿಗೆ ಲ್ಯಾಪ್‌ಟಾಪು ಕಾಯತೊಡಗಿತು. ಕಥೆ ಅರ್ಧಕ್ಕೆ ಬರುವುದರೊಳಗೆ ಅದರ ತಳ ರೊಟ್ಟಿಯ ಹಂಚಿನಂತೆ ಸುಟ್ಟು, ತಾನಾಗಿಯೇ ಬಂದ್ ಆಗುತ್ತಿತ್ತು.

ಒಂದು ಭಾನುವಾರ ಮಾಸ್ತರರು ಅದನ್ನು ಮಗುಚಿ ಹಾಕಿ ತಳದ ಮುಚ್ಚಳ ಬಿಚ್ಚಿದರು. ಒಳಗಿನ ಪುಟ್ಟ ಫ್ಯಾನು ಧೂಳಿನ ಕಂಬಳಿ ಹೊದ್ದು ಮಲಗಿತ್ತು. ಬಣ್ಣದ ಬ್ರಶ್ಶಿನಿಂದ ಮೇಲಿನದು ಹೋಯಿತು. ಸಂದಿಯದು ಹೋಗಲಿಲ್ಲ. ಅದಕ್ಕೆ ಅವರು ಬಸ್‌ಸ್ಟ್ಯಾಂಡಿನ ಬಳಿ ಪಂಕ್ಚರು ತಿದ್ದುವ ಮಕ್ಬೂಲನ ಹತ್ತಿರ ಒಯ್ದರು.

"ಟ್ರಾಕ್ಟರಿನ ಟಾಯರಿಗೆ ಹೊಡಿಯೋ ಹವಾ ಅದಾರಿ ಇದು. ನಡೀತದೇನ್ರಿ?" ಎಂದು ಮಕ್ಬೂಲ ಅನುಮಾನಿಸಿದ.

"ಜರಾ ದೂರ ಹಿಡಿದು ಹೊಡಿಯಪ್ಪ," ಎಂದರು ಮಾಸ್ತರರು.

ದೂರ ಹಿಡಿದರೂ ಗಾಳಿ ಗಾಳಿಯೇ. ಫ್ಯಾನು ತನ್ನ ಜನ್ಮದಲ್ಲೇ ತಿರುಗದಷ್ಟು ಜೋರಾಗಿ ಗಿರಗಿರನೆ ತಿರುಗಿತು. ಒಂದು ಧೂಳಿನ ಮೋಡ ಎದ್ದು ಮಕ್ಬೂಲನ ಗಡ್ಡದ ಮೇಲೆ ಕೂತಿತು. ಮನೆಗೆ ಬಂದು ಮುಚ್ಚಳ ಹಾಕಿ ಚಾಲೂ ಮಾಡಿದರೆ ಬಿಸಿ ಮಾಯವಾಗಿತ್ತು. ಆದರೆ ಸ್ವಲ್ಪ ಹೊತ್ತಿಗೆ ಹೊಸದೊಂದು ಸದ್ದು ಹುಟ್ಟಿತು. ಮೊದಲು ಸೊಯ್ಯೆಂದು ತೆಳ್ಳಗೆ, ಆಮೇಲೆ ಆ ಸೊಯ್ಯಿನ ಮೇಲೆ ಟಪ್, ಟಪ್, ಟಪಟಪ ಎಂದು.

ಮಾಸ್ತರರು ತಮಗೆ ತಿಳಿದಷ್ಟು ಹುಡುಕಿದರು. ಮತ್ತೆ ಬಿಚ್ಚಿ, ಒಳಗೆ ಸ್ಕ್ರೂ ಏನಾದರೂ ಉದುರಿದೆಯೇ ಎಂದು ಅಲ್ಲಾಡಿಸಿ ನೋಡಿದರು. ಇರಲಿಲ್ಲ. ಫ್ಯಾನಿನ ತಂತಿ ಅದರ ಎಲೆಯಂಥ ರೆಕ್ಕೆಗಳಿಗೆ ತಾಗುತ್ತಿದೆಯೇ ಎಂದು ನೋಡಿದರು. ಅದು ತನ್ನ ಕಾಲುವೆಯಲ್ಲೇ ಮಲಗಿತ್ತು. ಎಡಕ್ಕೆ ವಾಲಿಸಿ ಹಿಡಿದರೆ ಟಪಟಪ ಕಡಿಮೆಯಾಗುತ್ತಿತ್ತು, ಚಪ್ಪಟೆ ಇಟ್ಟರೆ ಮತ್ತೆ ಬರುತ್ತಿತ್ತು. ಕಾಂತಾಬಾಯಿ ರೋಗಿಯ ಎದೆ ನೋಡುವವಳಂತೆ ಕಿವಿ ಹಚ್ಚಿ ಕೇಳಿ, "ಇದಕ್ಕ ದಮ್ಮು ಹತ್ತೇದ ನೋಡ್ರಿ. ಬೀದರಿಗೆ ಒಯ್ಯಿರಿ," ಎಂದಳು.

ಆದರೆ ಉಸ್ಮಾನ ಮಿಯಾನ ಲಾರಿ ಮರುದಿನವೇ ಹೊರಡುವುದಿತ್ತು. ಕಥೆಯಿಲ್ಲದೆ ಚಿಪ್ಪು ಕಳಿಸಲು ಮಾಸ್ತರರಿಗೆ ಮನಸ್ಸಾಗಲಿಲ್ಲ. ಶಾಲೆಯ ಕೋಣೆಯಲ್ಲಿ ಕೂತು ಹೊಸ ಕಥೆಯೊಂದನ್ನು ಶುರು ಮಾಡಿದರು. ಒಂದೇ ಕಡೆ ಇದ್ದೂ ಇದ್ದೂ ಬೇಸತ್ತ ಬಾವಿಯೊಂದು ಎದ್ದು, ನೀರು ಸೇದುತ್ತಿದ್ದ ತನ್ನ ಜನ ಎಲ್ಲಿ ಹೋದರೆಂದು ಹುಡುಕಿಕೊಂಡು ಹೊರಡುವ ಕಥೆ. ಬಾವಿ ಹೊಲ ದಾಟಿತು, ರೈಲು ಹಳಿ ದಾಟಿತು, ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿತು. ಹೇಳುತ್ತ ಹೇಳುತ್ತ ಮಾಸ್ತರರು ಫ್ಯಾನನ್ನು ಮರೆತರು. ಬಾವಿಯ ಹಿಂದೆಯೇ ತಾವೂ ನಡೆದುಬಿಟ್ಟರು. ಕಥೆ ಮುಗಿಸಿ ಒಮ್ಮೆ ಹಾಕಿ ಕೇಳಿದಾಗ ಟಪಟಪ ಕೇಳಿಸಿತು. ಆದರೆ ಫ್ಯಾನು ಆಗಲೂ ಸದ್ದು ಮಾಡುತ್ತಲೇ ಇತ್ತಾದ್ದರಿಂದ, ಅದು ಕಥೆಯೊಳಗಿನ ಸದ್ದೋ ಎದುರಿಗಿನ ಸದ್ದೋ ಎಂದು ತಿಳಿಯುವ ಬಗೆ ಇರಲಿಲ್ಲ. ಇರಲಿ ಎಂದು ಚಿಪ್ಪಿಗೆ ಹಾಕಿ ಕಳಿಸಿದರು.

ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ಅವರು ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಬೀದರಿಗೆ ಹೊರಟಿದ್ದಾಗ ಫೋನು ಬಂತು. ಭಟ್ಟಿಗೆ ಹೋಗಿದ್ದ ಡಾಬಕಾದ ದತ್ತಾತ್ರಿಯ ದನಿ. ಅವನ ಮಗಳು ಸುಲಭಾ ಮಾಸ್ತರರ ತರಗತಿಯವಳು.

"ಗುರುಗೋಳ, ನಮ್ಮವ್ವ ಊರಿಗೆ ಬರ್ಲಾಕತ್ತಾಳ್ರಿ. ಪೋರಿನೂ ಸಂಗಟ ಕರಕೊಂಡಾಳ. ರೈಲಿಗೆ ಕೂಡಿಸೀನ್ರಿ. ಕಮಲನಗರದಾಗ ಇಳೀತಾರ. ಜರಾ ನೋಡ್ಕೋರಿ."

"ಯಾಕಪ್ಪ, ಏನಾಯ್ತು? ಅರಾಮ ಇಲ್ಲೇನು?"

"ಅರಾಮ ಅದಾಳ್ರಿ. ಮಳಿ ಬಂತಲ್ರಿ ಊರಾಗ! ಅದಕ್ಕ ನಿಂದ್ರವಲ್ಲಳು."

ಮಾಸ್ತರರು ರಸ್ತೆಯ ನಡುವೆ ನಿಂತರು. ಮೇಲೆ ಆಕಾಶ ತೊಳೆದಿಟ್ಟ ತಾಟಿನಂತಿತ್ತು. "ಮಳಿ? ಇಲ್ಲಿ ಎಲ್ಲಿ ಬಂದದಪ್ಪ ಮಳಿ? ಯಾರು ಹೇಳಿದ್ರು ನಿಮಗ?"

"ನೀವ ಕಳಸೀರಲ್ರಿ," ಎಂದ ದತ್ತಾತ್ರಿ. ಅವನ ದನಿ ಸಣ್ಣದಾಯಿತು. "ಬಾವಿ ಕತಿಯೊಳಗ. ನೀವು ಮಳಿ ಬಂದದ ಅಂತ ಬಾಯಿಲೆ ಹೇಳಲಿಲ್ಲ ಖರೇ. ಆದ್ರ ಹಿಂದ ಬರ್ಲಾಕತ್ತಿತ್ತಲ್ರಿ. ಮೊದಲ ಸಣ್ಣಗ, ಆಮ್ಯಾಲ ಟಪಟಪ ಟಪಟಪ. ಸಾಲಿ ಪತ್ರಾಸಿನ ಮ್ಯಾಲ ಬೀಳೋದು ನಮಗ ಗೊತ್ತಾಗೂದಿಲ್ಲೇನ್ರಿ? ಭಟ್ಟಿ ಮಂದಿ ಎಲ್ಲಾ ಕೆಲಸ ಬಿಟ್ಟು ಕೇಳಿದಿವ್ರಿ."

ಮಾಸ್ತರರ ಹೆಗಲ ಮೇಲಿದ್ದ ಚೀಲ ಒಮ್ಮೆಲೇ ಭಾರವಾಯಿತು. "ದತ್ತಾತ್ರಿ, ಅದು ಮಳಿ ಅಲ್ಲಪ್ಪ. ನನ್ನ ಲ್ಯಾಪ್‌ಟಾಪಿನ ಫ್ಯಾನು," ಎಂದರು.

ಅವನು, "ಫ್ಯಾನೇನ್ರಿ," ಎಂದಷ್ಟೇ ಅಂದ. ಅವನ ಹಿಂದೆ ಯಾರೋ ಮರಾಠಿಯಲ್ಲಿ ಕೂಗುತ್ತಿದ್ದರು. ಹೋಗಬೇಕ್ರಿ ಎಂದು ಫೋನಿಟ್ಟ.

ಮಾಸ್ತರರು ಕಮಲನಗರಕ್ಕೆ ಹೋದರು. ರೈಲು ಬಂತು, ನಿಂತಿತು, ಹೋಯಿತು. ಇಳಿದವರಲ್ಲಿ ದತ್ತಾತ್ರಿಯ ತಾಯಿ ಅಂಜನಾಬಾಯಿ ಇರಲಿಲ್ಲ. ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆದರು. ಬೇವಿನ ಮರದ ಕೆಳಗೆ ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ. ಗಾಬರಿಯಲ್ಲಿ ದತ್ತಾತ್ರಿಗೆ ಫೋನು ಹಚ್ಚುವಷ್ಟರಲ್ಲಿ ಅವನದೇ ಫೋನು ಬಂತು. ಅಜ್ಜಿ, ಮೊಮ್ಮಗಳು ಇಬ್ಬರಿಗೂ ನಿದ್ದೆ ಹತ್ತಿ ಸ್ಟೇಶನ್ನು ದಾಟಿಹೋಗಿತ್ತು. ಸುಲಭಾ ಯಾರದೋ ಫೋನಿನಿಂದ ಅಪ್ಪನಿಗೆ ಹೇಳಿದ್ದಳು. ಭಾಲ್ಕಿಯಲ್ಲಿ ಇಳಿದು ಕೂತಿದ್ದಾರೆ.

ಭಾಲ್ಕಿಗೆ ಹೋಗುವ ಬಸ್ಸಿನಲ್ಲಿ ಮಾಸ್ತರರಿಗೆ ಕಿಟಕಿಯ ಸೀಟು ಸಿಕ್ಕಿತು. ಎರಡೂ ಕಡೆ ಕಪ್ಪು ಹೊಲಗಳು ಬಾಯಿ ಬಿಟ್ಟುಕೊಂಡು ಹಿಂದಕ್ಕೆ ಸರಿಯುತ್ತಿದ್ದವು. ಲಾತೂರಿಗೆ ರೈಲಿನಲ್ಲಿ ನೀರು ತಂದರಂತೆ ಎಂದು ಮುಂದಿನ ಸೀಟಿನವರು ಮಾತಾಡುತ್ತಿದ್ದರು. ಮುದುಕಿಗೆ ಏನು ಹೇಳುವುದು ಎಂದು ಅವರು ಯೋಚಿಸಿದರು. ಮಳೆ ಬಂದು ನಿಂತುಬಿಟ್ಟಿತು ಎನ್ನಬಹುದಿತ್ತು. ಡಾಬಕಾ ಮುಟ್ಟಿದ ಕೂಡಲೇ ಅದು ಸುಳ್ಳೆಂದು ಮಣ್ಣೇ ಹೇಳುತ್ತಿತ್ತು.

ಅಂಜನಾಬಾಯಿ ಸ್ಟೇಶನ್ನಿನ ಕಲ್ಲಿನ ಬೆಂಚಿನ ಮೇಲೆ ಗಂಟಿನ ಪಕ್ಕ ನೆಟ್ಟಗೆ ಕೂತಿದ್ದಳು. ಎತ್ತರದ ಆಳು, ಇಟ್ಟಿಗೆಯ ಕೆಂಪು ಅವಳ ಕೈಗೆರೆಗಳೊಳಗೆ ಇಳಿದಿತ್ತು. ಸುಲಭಾ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು.

"ಬರ್ರಿ ಗುರುಗೋಳ," ಎಂದಳು ಮುದುಕಿ, ತನ್ನ ಮನೆಯಂಗಳದಲ್ಲಿ ಕೂತವಳಂತೆ. "ಈ ಕಡಿ ಹನಿ ಸುದ್ದಿನೇ ಇಲ್ಲಲ್ರಿ? ನಮ್ಮ ಕಡಿನೇ ಅಷ್ಟ ಬಿತ್ತೇನು?"

ಮಾಸ್ತರರು ಬೆಂಚಿನ ತುದಿಗೆ ಕೂತರು. "ಅವ್ವಾ, ಮಳಿ ಬಂದಿಲ್ಲ," ಎಂದರು. "ನೀವು ಕೇಳಿದ್ದು ಇದು." ಚೀಲದಿಂದ ಲ್ಯಾಪ್‌ಟಾಪು ತೆಗೆದು ತೊಡೆಯ ಮೇಲಿಟ್ಟು ಚಾಲೂ ಮಾಡಿದರು.

ಮೊದಲು ಏನೂ ಕೇಳಿಸಲಿಲ್ಲ. ಗೂಡ್ಸ್ ಗಾಡಿಯೊಂದು ದೂರದಲ್ಲಿ ಶಂಟಿಂಗು ಮಾಡುತ್ತಿತ್ತು. ಅದು ನಿಂತ ಮೇಲೆ ಸೊಯ್ಯೆಂದಿತು. ಆಮೇಲೆ ಟಪ್. ಟಪ್ ಟಪ್. ಸುಲಭಾ ಎದ್ದು ಕೂತಳು. ಅಂಜನಾಬಾಯಿ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ, ಬಾಗಿ, ಕಣ್ಣು ಮುಚ್ಚಿ ಕೇಳಿದಳು. ಟಿಕೀಟಿನ ಕಿಟಕಿಯ ಬಳಿ ನಿಂತಿದ್ದವನೊಬ್ಬ ತಲೆಯೆತ್ತಿ ಛಾವಣಿ ನೋಡಿದ. ಮಾಸ್ತರರು ಬೈಗುಳಕ್ಕೆ ಕಾಯ್ದರು.

"ಇದೇ," ಎಂದಳು ಮುದುಕಿ ಕಣ್ಣು ಬಿಟ್ಟು. "ಖರೇನ ಇದೇ." ಆಮೇಲೆ ಮೊಮ್ಮಗಳ ಕಡೆ ನೋಡಿ, "ನಿಮ್ಮ ಗುರುಗೋಳು ಮಳಿ ಡಬ್ಬ್ಯಾಗ ಇಟ್ಕೊಂಡು ತಿರಗ್ತಾರ ನೋಡ," ಎಂದು ನಕ್ಕಳು. ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡಳು.

"ತಪ್ಪಾಯ್ತವ್ವಾ," ಎಂದರು ಮಾಸ್ತರರು. "ಸಂಜಿ ಗಾಡಿಗೆ ತಿರುಗಿ ಕೂಡಿಸ್ತೇನಿ. ಮಗನ ಹತ್ರ ಹೋಗ್ರಿ."

"ಯಾಕ ಹೋಗಲಿ? ಬಂದೇನಿ ಅಂದ್ರ ಬಂದೇನಿ." ಅವಳು ಹಳಿಗಳ ಆಚೆ ನೋಡುತ್ತ ಹೇಳಿದಳು. "ಮಳಿ ಬರೇ ನಿಮಿತ್ತ ಗುರುಗೋಳ. ಅಲ್ಲಿ ನನಗ ಕನಸ ಬೀಳವಲ್ಲವು. ನಮ್ಮೂರಾಗ ಕಣ್ಣು ಮುಚ್ಚಿದ್ರ ಸತ್ತವರು, ಇದ್ದವರು ಎಲ್ಲಾರೂ ಬಂದು ಮಾತಾಡಿಸಿ ಹೋಗ್ತಿದ್ರು. ಭಟ್ಟಿಯಾಗ ಬರೇ ಹೊಗಿ. ಆ ಟಪಟಪ ಕೇಳಿದ ದಿವಸ ಮಲಗಿದೆ ನೋಡ್ರಿ, ನಮ್ಮ ಮಾಲಕರು, ದತ್ತಾತ್ರಿ ಅಪ್ಪ, ಬಂದು ಬಾಜೂಕ ಕೂತಿದ್ರು. ಸತ್ತು ಎಷ್ಟ ವರ್ಷಾತು, ತಲಿ ತೊಯ್ಸಿಕೊಂಡು ಬಂದಿದ್ರು."

ಮಾಸ್ತರರು ಲ್ಯಾಪ್‌ಟಾಪನ್ನು ಮುಚ್ಚಿ ಚೀಲಕ್ಕೆ ಹಾಕಿಕೊಂಡರು. ಬೀದರಿಗೆ ಹೋಗುವ ಕೆಲಸ ಹಾಗೇ ಉಳಿದಿತ್ತು. ಭಾಲ್ಕಿಯಿಂದ ಬೀದರ, ಬೀದರದಿಂದ ಔರಾದ ಎಂದು ಮೂವರೂ ಒಟ್ಟಿಗೇ ಹೊರಟರು.

ನೌಬಾದದ ಅಬ್ದುಲ ಮಜೀದರ ಅಂಗಡಿ ಒಂದು ಕಿರಾಣಿ ಅಂಗಡಿಯ ಮಗ್ಗುಲಿಗಿತ್ತು. ಬೆಳ್ಳಗಿನ ಗಡ್ಡದ ಸಣ್ಣ ಆಳು, ಮಾತು ಮೆತ್ತಗೆ. ಮಾಸ್ತರರು ಎಲ್ಲವನ್ನೂ ಹೇಳಿದರು, ಮಕ್ಬೂಲನ ಗಾಳಿಯನ್ನೂ ಬಿಡದೆ. ಮಜೀದರು ಬೈಯಲಿಲ್ಲ. "ನಾನೂ ಮೊದಲ ಹಂಗೇ ಮಾಡೀನ್ರಿ ಸಾಬ್. ಫ್ಯಾನಿನ ಎಲಿ ಒಂದ ಬೆರಳಿಲೆ ಹಿಡಿದು ಹವಾ ಹೊಡೀಬೇಕು. ಹಿಡೀಲಿಲ್ಲ ಅಂದ್ರ ಹದ್ದ ಮೀರಿ ತಿರಗ್ತದ," ಎಂದು ಅದನ್ನು ಮೇಜಿನ ಮೇಲೆ ಮಲಗಿಸಿದರು.

ಮುಚ್ಚಳ ತೆಗೆದು ಹಾಗೆಯೇ ಚಾಲೂ ಮಾಡಿದರು. ಸೊಯ್ಯೆನ್ನುವುದು ಇತ್ತು, ಟಪಟಪ ಇರಲಿಲ್ಲ. ಮುಚ್ಚಳ ಇಟ್ಟು ನೋಡಿದರೆ ಅದೂ ಬಂತು. ಮತ್ತೆ ತೆಗೆದರೆ ಹೋಯಿತು.

"ಎರಡ ಅವಾಜ್ ಅದಾವ್ರಿ," ಎಂದರು ಮಜೀದರು. "ಒಂದು ಫ್ಯಾನಿನದು. ಇನ್ನೊಂದು ಮುಚ್ಚಳ ಹಾಕಿದಾಗ ಹುಟ್ಟತದ."

"ಎಡಕ್ಕ ವಾಲಿಸಿದ್ರ ಕಮ್ಮಿ ಆಗ್ತದ್ರಿ," ಎಂದು ಮಾಸ್ತರರು ನೆನಪಿಸಿದರು.

"ಹೌದಾ? ಹಂಗಾರ ಏನೋ ಸಡಲ ಆಗಿ ಜೋತು ಬಿದ್ದದ." ಇಬ್ಬರೂ ತಲೆಗೆ ತಲೆ ಹಚ್ಚಿ ಬಗ್ಗಿದರು. ಮುಚ್ಚಳದ ಒಳಮೈಯನ್ನು ಬೆಳಕಿಗೆ ಹಿಡಿದಾಗ ಮೊದಲು ಕಂಡದ್ದು ಸುಲಭಾಳಿಗೆ. "ಅಲ್ಲಿ ನೋಡ್ರಿ, ಅದೇನೋ ನಡಗ್ಲಾಕತ್ತದ," ಎಂದಳು. ಗಾಳಿಯ ಕಿಂಡಿಯ ಅಂಚಿಗೆ ಅಂಟಿಸಿದ್ದ ಕಪ್ಪು ಪಟ್ಟಿಯೊಂದರ ತುದಿ ಬಿಟ್ಟುಕೊಂಡು, ಬೀದಿಯ ಗಾಳಿಗೇ ಅಲುಗುತ್ತಿತ್ತು. ಮುಚ್ಚಿದಾಗ ಅದು ಗಾಳಿಯ ಸೆಳೆತಕ್ಕೆ ಫ್ಯಾನಿನ ಎಲೆಗಳಿಗೆ ತಾಗುತ್ತಿತ್ತು. ಯಂತ್ರ ಕಾದಷ್ಟೂ ಫ್ಯಾನು ಜೋರಾಗಿ ತಿರುಗುತ್ತದೆ, ಹನಿಗಳೂ ಅಷ್ಟೇ ದಟ್ಟವಾಗುತ್ತವೆ. ಇಷ್ಟು ದಿನ ಧೂಳೇ ಆ ಪಟ್ಟಿಯನ್ನು ಅಂಟಿನಂತೆ ಹಿಡಿದಿತ್ತು. ಧೂಳು ಹೋಯಿತು, ಅದೂ ಬಿಟ್ಟಿತು.

ಫ್ಯಾನಿನ ನಡುವಿನ ಅಚ್ಚೂ ಒಣಗಿ ಸ್ವಲ್ಪ ಸವೆದಿತ್ತು, ಸೊಯ್ಯೆನ್ನುವುದು ಅದರದು. ಹೊಸದು ಹೈದರಾಬಾದಿನಿಂದ ಬರಬೇಕು, ಅಲ್ಲಿಯತನಕ ಒಂದು ಹನಿ ಎಣ್ಣೆಯಲ್ಲಿ ನಡೆಯುತ್ತದೆ ಎಂದರು ಮಜೀದರು. ಆದರೆ ಎಣ್ಣೆ ಇಳಿಯಲು, ಹೊಸ ಅಂಟು ಹಿಡಿಯಲು ಹೊತ್ತು ಬೇಕು. "ಬಿಸಿಲಾಗ ಇಲ್ಲಿ ಏನ ಕೂಡ್ತೀರಿ? ಸುರಂಗ ಬಾವಿ ಕಡಿ ಹೋಗಿ ಬರ್ರಿ. ಹೂಳ ತಗದಾರ, ನೀರ ಅದ," ಎಂದು ದಾರಿ ತೋರಿಸಿದರು.

ನೌಬಾದದ ನೆಲದಡಿಯಲ್ಲಿ ಬಾದಶಾಹರ ಕಾಲದ ನೀರಿನ ಸುರಂಗ ಹಾಯ್ದು ಹೋಗುತ್ತದೆ. ಅಲ್ಲಲ್ಲಿ ಅದಕ್ಕೆ ಬಾವಿಯಂಥ ಬಾಯಿಗಳು. ಮೂವರೂ ಅಂಥದೊಂದು ಬಾಯಿಯ ಹತ್ತಿರ ಮರದ ನೆರಳಿಗೆ ಕೂತರು. ಕೆಳಗಿನಿಂದ ತಂಪು ಗಾಳಿ ನಿಧಾನವಾಗಿ ಮೇಲೆ ಬರುತ್ತಿತ್ತು, ಯಾರೋ ಒಳಗೆ ಮಲಗಿ ಉಸಿರಾಡುತ್ತಿರುವಂತೆ. ಸುಲಭಾ ಕಲ್ಲು ಹಾಕಲು ಹೋದಳು. ಅಜ್ಜಿ ಅವಳ ಕೈ ಹಿಡಿದಳು. ಬಹಳ ಹೊತ್ತು ಕಿವಿಗೊಟ್ಟರೆ, ಎಲ್ಲೋ ಆಳದಲ್ಲಿ ನೀರು ಕಲ್ಲನ್ನು ಸವರಿ ಹೋಗುವ ಸದ್ದು ಬಂದಂತೆ ಆಗುತ್ತಿತ್ತು. ಬಂತು ಎನ್ನುವಷ್ಟರಲ್ಲಿ ಇರುತ್ತಿರಲಿಲ್ಲ. ಮಾಸ್ತರರ ರೆಪ್ಪೆಗಳು ಭಾರವಾದವು. ಭಟ್ಟಿಯ ಹೊಗೆ, ರೈಲಿನ ಹಳಿ, ಕಪ್ಪು ಹೊಲ ಎಲ್ಲವೂ ಆ ತಂಪಿನೊಳಗೆ ಇಳಿದು ಒಂದರಲ್ಲೊಂದು ಕರಗುತ್ತಿದ್ದವು. ಅವರು ಕಣ್ಣು ತೆರೆದಾಗ ಅಂಜನಾಬಾಯಿ ಗಂಟಿಗೆ ಒರಗಿ ಬಾಯಿ ತೆರೆದು ಗಾಢವಾಗಿ ಮಲಗಿದ್ದಳು. ಅವಳ ತುಟಿಗಳು ಅಲುಗುತ್ತಿದ್ದವು. ಸುಲಭಾ ತುಟಿಯ ಮೇಲೆ ಬೆರಳಿಟ್ಟು, "ಮಾತಾಡ್ಲಾಕತ್ತಾಳ್ರಿ, ಎಬ್ಬಸಬ್ಯಾಡ್ರಿ," ಎಂದು ಪಿಸುಗುಟ್ಟಿದಳು. ಔರಾದಿನ ಒಂದು ಬಸ್ಸು ತಪ್ಪಿತು. ಅವರು ಎಬ್ಬಿಸಲಿಲ್ಲ.

ತಿರುಗಿ ಅಂಗಡಿಗೆ ಹೋದಾಗ ಲ್ಯಾಪ್‌ಟಾಪು ಬೆಕ್ಕಿನಂತೆ ಸುಮ್ಮನೆ ಕೂತಿತ್ತು. ಮಜೀದರು ಕಿವಿ ಹಚ್ಚಿ ಕೇಳಲು ಹೇಳಿದರು. ಮಾಸ್ತರರಿಗೆ ಬರೀ ತಮ್ಮ ಉಸಿರು ಕೇಳಿಸಿತು.

ಅಂದು ಅಜ್ಜಿ, ಮೊಮ್ಮಗಳು ಔರಾದಿನ ಮಾಸ್ತರರ ಮನೆಯಲ್ಲೇ ಉಳಿದರು. ಕಾಂತಾಬಾಯಿ ಮುದುಕಿಯ ಕೈಯ ಬಿರುಕುಗಳಿಗೆ ಮುಲಾಮು ಹಚ್ಚುತ್ತ ಕಥೆಯನ್ನೆಲ್ಲ ಕೇಳಿ, ಗಂಡನ ಕಡೆ ನೋಡಿ, "ಅಲ್ಲಿ ಉಳಿದ ಮಂದಿಗೆ ಯಾರು ಹೇಳ್ತಾರ್ರಿ?" ಎಂದಳು.

ಅದೇ ಪ್ರಶ್ನೆ ಮಾಸ್ತರರನ್ನೂ ಕೊರೆಯುತ್ತಿತ್ತು. ಉಸ್ಮಾನ ಮಿಯಾ ಬಂದಾಗ ಅದು ಇನ್ನೂ ಹೆಚ್ಚಾಯಿತು. ದತ್ತಾತ್ರಿ ಫ್ಯಾನಿನ ವಿಷಯವನ್ನು ಭಟ್ಟಿಯಲ್ಲಿ ಹೇಳಿದ್ದ. ಕೆಲವರು ನಕ್ಕಿದ್ದರು, ಕೆಲವರು ನಂಬಿರಲಿಲ್ಲ. "ಆದ್ರ ಕೇಳೋದು ಬಿಟ್ಟಿಲ್ರಿ," ಎಂದ ಮಿಯಾ. "ಮಲಗೋ ಮುಂದ ಹಚ್ಕೊಂಡ ಮಲಗ್ತಾರ. ಅಂಥದ ಇನ್ನೊಂದು ಕಳಸ್ರಿ ಅಂದಾರ. ಕತಿ ಇಲ್ಲಂದ್ರೂ ನಡೀತದಂತ್ರಿ, ಬರೇ ಅವಾಜ್ ಕಳಸ್ರಿ ಅಂತಾರ."

ಮಾಸ್ತರರಿಗೆ ಆಸೆಯಾಗಲಿಲ್ಲ ಎಂದಲ್ಲ. ಪಟ್ಟಿಯ ತುದಿಯನ್ನು ಉಗುರಿನಿಂದ ಎಬ್ಬಿಸಿದರೆ ಸಾಕಿತ್ತು. ಒಂದು ಮಧ್ಯಾಹ್ನ ಮುಚ್ಚಳ ಬಿಚ್ಚಿ, ಪಟ್ಟಿಯ ಮೇಲೆ ಬೆರಳಿಟ್ಟು ಕೂತೂ ಕೂತರು. ಮತ್ತೊಬ್ಬ ಮುದುಕಿ ಮತ್ತೊಂದು ಸ್ಟೇಶನ್ನಿನಲ್ಲಿ ಇಳಿದು ಆಕಾಶ ನೋಡುವುದು ಕಣ್ಣಿಗೆ ಬಂತು. ಮುಚ್ಚಳವನ್ನು ಮೊದಲಿನಂತೆ ಹಾಕಿದರು. ಆಮೇಲೆ ಅಂಜನಾಬಾಯಿಯನ್ನು ಶಾಲೆಗೆ ಕರೆಸಿ ಮೈಕಿನ ಮುಂದೆ ಕೂರಿಸಿದರು.

"ನೀವ ಹೇಳ್ರಿ ಅವ್ವಾ. ನಿಮ್ಮ ಮಾತು ನಂಬತಾರ."

ಮುದುಕಿ ಸೆರಗು ಸರಿಪಡಿಸಿಕೊಂಡು, ಯಂತ್ರಕ್ಕೆ ಅಲ್ಲ, ಖಾಲಿ ಬೆಂಚುಗಳಿಗೆ ಹೇಳಿದಳು: "ನಾ ಅಂಜನಾಬಾಯಿ ಮಾತಾಡ್ಲಾಕತ್ತೇನಿ. ಊರಾಗ ಮಳಿ ಬಂದಿಲ್ಲ. ಅದು ಫ್ಯಾನು, ನಾನೇ ನೋಡೇನಿ. ಟ್ಯಾಂಕರ ದಿನಾ ಬರ್ತದ. ನಿಮ್ಮ ಮನಿಗೋಳು ನಿಂತಾವ. ದತ್ತಾತ್ರಿ, ಪೋರಿ ಸಾಲಿಗೆ ಹೋಗ್ತಾಳ. ಮಳಿ ಬಂದ ದಿವಸ ನಾ ಬಾಯಿಲೆ ಹೇಳ್ತೇನಿ. ನಾ ಹೇಳೋತನಕ ಯಾರೂ ನಂಬಬ್ಯಾಡ್ರಿ."

ಅಂದಿನಿಂದ ಪ್ರತಿ ಕಥೆಯ ಕೊನೆಗೆ ಅವಳ ಮಾತು ಸೇರಿತು. ಯಾರ ಎಮ್ಮೆ ಈಯಿತು, ಯಾವ ಬೇವು ಚಿಗುರಿತು, ಯಾರ ಬಾಗಿಲಿಗೆ ಗೆದ್ದಲು ಹತ್ತಿತು, ತಾನು ಹೋಗಿ ಹೇಗೆ ಕೆರೆದು ಬಂದೆ ಎಂಬುದೆಲ್ಲ. ಹಿಂದಿನ ರಾತ್ರಿ ಕನಸಿನಲ್ಲಿ ಯಾರು ಬಂದಿದ್ದರು ಎಂದೂ ಹೇಳುತ್ತಿದ್ದಳು. ಭಟ್ಟಿಯವರು ಅವರವರ ಸತ್ತವರ ಸುದ್ದಿ ಕೇಳಲು ಕಾಯತೊಡಗಿದರು. ಮಾಸ್ತರರ ಕಥೆಗಿಂತ ಅದಕ್ಕೇ ಬೇಡಿಕೆ ಹೆಚ್ಚಾಯಿತೆಂದು ಉಸ್ಮಾನ ಮಿಯಾ ಹೇಳಿದಾಗ ಮಾಸ್ತರರು ಮನಸಾರೆ ನಕ್ಕರು.

ಜೂನ್ ತಿಂಗಳಲ್ಲಿ ಒಂದು ಮಧ್ಯಾಹ್ನ ಪಡುವಣದಿಂದ ಮೋಡ ಕಪ್ಪಾಗಿ ಬಂತು. ಮೊದಲು ಮಣ್ಣಿನ ವಾಸನೆ, ಆಮೇಲೆ ಗಾಳಿ, ಆಮೇಲೆ ಪತ್ರಾಸಿನ ಮೇಲೆ ಕಲ್ಲು ಸುರಿದಂಥ ಸಪ್ಪಳ. ಅದು ಟಪಟಪ ಆಗಿರಲಿಲ್ಲ. ಕಿವಿಯೊಳಗೆ ಬೇರೆ ಯಾವುದಕ್ಕೂ ಜಾಗ ಬಿಡದ ಭೋರೆನ್ನುವ ಸದ್ದು. ಕರೆಂಟು ಹೋಯಿತು. ಲ್ಯಾಪ್‌ಟಾಪು ಕಪಾಟಿನಲ್ಲೇ ಉಳಿಯಿತು. ಮಾಸ್ತರರು, ಮಕ್ಕಳು ಎಲ್ಲ ಅಂಗಳದಲ್ಲಿದ್ದರು. ಅಂಜನಾಬಾಯಿ ತನ್ನ ಮನೆಯ ಕಟ್ಟೆಯ ಮೇಲೆ ತಲೆಗೆ ಸೆರಗೂ ಹಾಕದೆ ತೊಯ್ಯುತ್ತ ಕೂತಿದ್ದಳು. ಮರುದಿನ ಅವಳು ಮಗನಿಗೆ ಫೋನಿನಲ್ಲೇ ಹೇಳಿದಳು. ಅಷ್ಟರಲ್ಲಿ ಅವನಿಗೆ ಬೇರೆ ಯಾರಿಂದಲೋ ಗೊತ್ತಾಗಿತ್ತು. ಆದರೂ ಅವಳು ಹೇಳುವತನಕ ಗಂಟು ಕಟ್ಟಿರಲಿಲ್ಲ.

ಭಟ್ಟಿಗೆ ಹೋದವರು ಒಬ್ಬೊಬ್ಬರಾಗಿ ಬಂದರು. ದತ್ತಾತ್ರಿ ದಂಪತಿ ಬಂದರು. ಹೈದರಾಬಾದಿಗೆ ಹೋದವರಲ್ಲಿ ಕೆಲವರು ಅಲ್ಲೇ ನಿಂತರು. ಅಲ್ಲಿಯ ಶಾಲೆಗೆ ಮಕ್ಕಳನ್ನು ಹಾಕಿದ್ದೇವೆಂದು ಹೇಳಿ ಕಳಿಸಿದರು. ಮಾಸ್ತರರಿಗೆ ಅದು ನೋವೂ ಆಯಿತು, ಸಮಾಧಾನವೂ ಆಯಿತು. ಹೊಸ ಶಾಲಾವರ್ಷದ ಪಾಠ ಶುರುವಾದ ದಿನ ಮುಂದಿನ ಸಾಲಿನ ಎರಡು ಬೆಂಚು ಖಾಲಿ ಉಳಿದವು. ಅವರು ಸ್ವಲ್ಪ ಹೊತ್ತು ಅವನ್ನು ನೋಡುತ್ತ ನಿಂತರು. ಮಕ್ಕಳು ಸುಮ್ಮನೆ ಕಾಯ್ದರು. ಆಮೇಲೆ ಹಿಂದೆ ಒತ್ತಿಕೊಂಡು ಕೂತಿದ್ದವರನ್ನು ಹೆಸರು ಹಿಡಿದು ಮುಂದಕ್ಕೆ ಕರೆದು ಕೂರಿಸಿದರು. "ತಗೀರಿ, ಭಾಗಾಕಾರ," ಎಂದು ಹಲಗೆಯ ಕಡೆ ತಿರುಗಿದರು.